ಎಡಗಡೆಯ ಕ್ಲಾರಿಯೋನೆಟ್

ನನ್ನ ಗಂಡನ ಮುಖದ ತುಂಬ ಸಿಡುಬಿನ ಕಲೆ ಎಂದು ನನಗೆ ಗೊತ್ತಾದದ್ದು ಅವರು ಸತ್ತು ನಲವತ್ತೈದು ವರ್ಷ ಕಳೆದ ಮೇಲೆ. ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಿದ್ದೆ. ಕೈಯಲ್ಲಿ ಅರ್ಧ ಲೋಟ ಟೀ ಇತ್ತು. ಎದುರಿನ ಪರದೆಯ ಮೇಲೆ ಅವರ ಮುಖ ನಿಧಾನವಾಗಿ ಮೂಡಿತು, ರಾಗಿ ಬೀಸುವ ಕಲ್ಲಿನಷ್ಟು ದೊಡ್ಡದಾಗಿ. ಹಣೆಯಿಂದ ಗದ್ದದವರೆಗೆ ಬರೀ ಗುಳಿ. ಒಂದೊಂದು ಗುಳಿಯಲ್ಲಿ ಒಂದೊಂದು ಕಡಲೆಕಾಳು ಕೂರಿಸಬಹುದಿತ್ತು. ಲೋಟ ಕೈಯಿಂದ ಜಾರಿತು. ಟೀ ನನ್ನ ಸೀರೆಯ ಮೇಲೆ ಚೆಲ್ಲಿದ್ದೂ ನನಗೆ ತಿಳಿಯಲಿಲ್ಲ.

"ಅಯ್ಯಯ್ಯೋ, ಇದೇನೇ ಮೆಹರು! ನಮ್ಮೆಜಮಾನ್ರಿಗೆ ಅಮ್ಮ ಆಗಿತ್ತಾ?"

"ನಂಗೇನ್ ಗೊತ್ತು ಚೆಲುವಜ್ಜಿ? ನಿಮ್ ಗಂಡ. ನೀವೇ ಹೇಳ್ಬೇಕು," ಎಂದಳು ಸ್ಟುಡಿಯೋ ನಡೆಸುವ ಮೆಹರುನ್ನೀಸಾ.

"ನಂಗೂ ಗೊತ್ತಿಲ್ವಲ್ಲೇ!"

ಗೊತ್ತಿರುವುದಾದರೂ ಹೇಗೆ? ನಮ್ಮೂರಲ್ಲಿ ಸತ್ತವರ ಮುಖ ಅವರ ಹೆಸರಿನ ಊಟದವರೆಗೆ ಮಾತ್ರ ನೆನಪಿರುತ್ತದೆ. ಯಾವ ಓಣಿಯವರಾದರೂ ಸರಿ, ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ. ಪಾಯಸದ ಕೊನೆಯ ಸುತ್ತು ಬಂದು, ಜನ ಬೆರಳು ಚೀಪಿ, ಎಲೆ ಎತ್ತಿದರು ಎನ್ನುವಷ್ಟರಲ್ಲಿ ಆ ಮುಖ ಎಲ್ಲರ ಕಣ್ಣಿನ ಹಿಂದಿನಿಂದಲೂ ಒಟ್ಟಿಗೆ ಎದ್ದು ಹೋಗಿರುತ್ತದೆ. ಹೋಗುವುದು ಮುಖ ಒಂದೇ. ದನಿ, ಕೆಮ್ಮು, ನಡಿಗೆ, ಬೆವರಿನ ವಾಸನೆ, ಕೈಬೆರಳು ಎಲ್ಲ ಉಳಿಯುತ್ತವೆ. ಬೇರೆ ಊರಿಂದ ಸೊಸೆಯಾಗಿ ಬಂದವರು ಮೊದಲ ಸಾವಿನ ಊಟದಲ್ಲಿ ಕಿಟಾರನೆ ಕಿರುಚಿಕೊಳ್ಳುತ್ತಾರೆ. ನಾನೂ ಕಿರುಚಿದ್ದೆ, ನಾಲ್ಕೂರಿಗೆ ಕೇಳುವ ಹಾಗೆ. ಎರಡನೆಯ ಸಾವಿಗೆ ಎಲ್ಲರಂತೆ ಸುಮ್ಮನೆ ಕೈ ತೊಳೆಯಲು ಎದ್ದೆ.

ಅದಕ್ಕೇ ನಮ್ಮಲ್ಲಿ ಊಟಕ್ಕೆ ಎಲೆ ಹಾಕುವ ಮೊದಲು ಸತ್ತವರ ಫೋಟೋ ತಂದು, ಬಂದವರಿಗೆಲ್ಲ ತೋರಿಸಿ, ಹಿಂಬದಿಗೆ ಹೆಸರು ಬರೆಸಬೇಕು. ಹೆಣ್ಣು ನೋಡಲು ಬಂದವರು ಮೊದಲು ಕೈ ಚಾಚಲು ಹೇಳುತ್ತಾರೆ, ಬೆರಳುಗಳನ್ನು ಚೆನ್ನಾಗಿ ನೋಡಿಕೊಂಡ ಮೇಲೆಯೇ ಮುಖ. ಜಗಳ ಹತ್ತಿದರೆ "ನಿನ್ ಫಿಲಂ ಸುಡ" ಎಂದು ಬಯ್ಯುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ನಾನು ಅದನ್ನು ಪಕ್ಕದ ಮನೆ ನಿಂಗಾಜಿಗೆ ಏನಿಲ್ಲವೆಂದರೂ ಸಾವಿರ ಸಲ ಬೈದಿದ್ದೇನೆ. ಸುಟ್ಟರೆ ನನ್ನದೂ ಸುಟ್ಟುಹೋಗುತ್ತಿತ್ತು, ಏಕೆಂದರೆ ನಮ್ಮಿಬ್ಬರ ಗಂಡಂದಿರೂ ಇದ್ದದ್ದು ಒಂದೇ ಫಿಲಮ್ಮಿನಲ್ಲಿ.

ನಮ್ಮೆಜಮಾನರೂ ನಿಂಗಾಜಿಯ ಗಂಡ ಚಿಕ್ಕೀರಯ್ಯನೂ ಪೌಲಪ್ಪ ಮಾಸ್ತರರ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದರು. ಕೆಂಪು ಕೋಟು, ಹೊಳೆಯುವ ಗುಂಡಿ, ಗೊಂಡೆಯ ಟೋಪಿ. ನಮ್ಮೆಜಮಾನರು ಊದಿದರೆ ಕೆರೆಯಾಚೆ ಕಟ್ಟಿದ ಎಮ್ಮೆಗಳು ಹಗ್ಗ ಕಿತ್ತುಕೊಂಡು ಮದುವೆಮನೆಗೆ ಬರುತ್ತಿದ್ದವು, ನಂಬುವುದಾದರೆ ನಂಬಿ. ಒಂದು ಸಲ ಆಚೆ ದಡದ ಮದುವೆಗೆ ಹೋಗುವಾಗ ದೋಣಿ ಮಗುಚಿತು. ಐದು ಜನ ಈಜಿ ಬಂದರು. ಇವರಿಬ್ಬರು ಬರಲಿಲ್ಲ. ಕ್ಲಾರಿಯೋನೆಟ್ಟುಗಳು ಮಾತ್ರ ತೇಲಿ ಬಂದವು.

ಆಗೆಲ್ಲ ತಲೆ ನರೆತವರಿಗಷ್ಟೇ ಫೋಟೋ ತೆಗೆಸುವ ಪದ್ಧತಿ. ಮೀಸೆ ಚಿಗುರಿ ನಾಲ್ಕು ದಿನವಾದ ಹುಡುಗರ ಮುಖವನ್ನು ಯಾರು ಫಿಲಮ್ಮಿಗೆ ಹಾಕಿಸುತ್ತಾರೆ? ತೊಟ್ಟಿಲ ಕೂಸಿನ ಫೋಟೋ ತೆಗೆಸುವುದು ನಮ್ಮೂರಲ್ಲಿ ಶುರುವಾದದ್ದೇ ನಮ್ಮಿಬ್ಬರ ಗತಿ ನೋಡಿದ ಮೇಲೆ. ಇದ್ದದ್ದು ಒಂದೇ ಫೋಟೋ, ಪೌಲಪ್ಪ ಮಾಸ್ತರರ ಮನೆಯಲ್ಲಿ. ಛತ್ರದ ಮುಂದೆ ಏಳು ಜನ ಬ್ಯಾಂಡಿನವರು ನಿಂತದ್ದು. ಎಡತುದಿಗೊಬ್ಬ ಕ್ಲಾರಿಯೋನೆಟ್ಟಿನವನು, ಬಲತುದಿಗೊಬ್ಬ. ಎರಡೂ ಮನೆಯ ಊಟ ಒಂದೇ ದಿನ, ಒಂದೇ ಚಪ್ಪರ. ನಾನೂ ನಿಂಗಾಜಿಯೂ ಅತ್ತು ಅತ್ತು ಗೋಡೆಗೊರಗಿದ್ದೆವು. ಫೋಟೋ ಅವರ ಮನೆಯವರು ತೋರಿಸಿದ್ದಾರೆ ಎಂದು ನಮ್ಮ ಮನೆಯವರು ಅಂದುಕೊಂಡರು, ನಮ್ಮವರು ಬರೆಸಿದ್ದಾರೆ ಎಂದು ಅವರಂದುಕೊಂಡರು. ಮಾಸ್ತರರು ಫೋಟೋವನ್ನು ಎದೆಗವುಚಿಕೊಂಡು ಓಡಿ ಬರುವಷ್ಟರಲ್ಲಿ ಎಲೆ ಎತ್ತಿ ಆಗಿತ್ತು. ಅವರು ಚಪ್ಪರದ ಬಾಗಿಲಲ್ಲಿ ನಿಂತು ಫೋಟೋ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅವರ ಬಾಯಿ ತೆರೆದುಕೊಂಡೇ ಉಳಿಯಿತು.

"ಇವ್ರಲ್ಲಿ ಯಾರು ಯಾರು?" ಎಂದರು.

ಚಪ್ಪರದಲ್ಲಿದ್ದ ಮುನ್ನೂರು ಜನರೂ ಬಗ್ಗಿ ಬಗ್ಗಿ ನೋಡಿದರು, ಒಬ್ಬರಿಗೂ ಗುರುತು ಹತ್ತಲಿಲ್ಲ. ಎಡಗಡೆಯವನು ಏನು ಚೆಲುವ ಎನ್ನುತ್ತೀರಿ! ನೀಳ ಮೂಗು, ಎತ್ತಿದ ಹುಬ್ಬು, ಕ್ಲಾರಿಯೋನೆಟ್ಟನ್ನು ತುಟಿಗೆ ತಾಗಿಯೂ ತಾಗದಂತೆ ಹಿಡಿದ ಠೀವಿ. ಬಲಗಡೆಯವನು ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಹೊರಗೆ ಬಿಟ್ಟುಕೊಂಡು, ಬಾಯಲ್ಲಿ ಇಡೀ ಕಡುಬು ತುರುಕಿಕೊಂಡವನಂತೆ ನಿಂತಿದ್ದ. ನಾನು ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದೆ. "ಎಡಗಡೆಯವ್ರು ನಮ್ಮೋರು," ಎಂದು ಕೂಗಿದೆ. ನಿಂಗಾಜಿ ಗೋಡೆಗೊರಗಿದಲ್ಲಿಂದ ಏಳಲಿಲ್ಲ. ಅವಳಿಗಾಗ ಹತ್ತೊಂಬತ್ತೋ ಇಪ್ಪತ್ತೋ. ನನ್ನ ಬಾಯಿಯ ಮುಂದೆ ಊರಿನ ದೊಡ್ಡವರೇ ನಿಲ್ಲುತ್ತಿರಲಿಲ್ಲ, ಅವಳೆಲ್ಲಿ ನಿಂತಾಳು?

ಒಂದು ಗುರುತು ಇತ್ತು. ಚಿಕ್ಕೀರಯ್ಯ ಹಗಲು ತಗಡಿನ ಕೆಲಸ ಮಾಡುತ್ತಿದ್ದ, ಕತ್ತರಿಗೆ ಸಿಕ್ಕಿ ಬಲಗೈ ಕಿರುಬೆರಳಿನ ತುದಿ ಹೋಗಿತ್ತು. ಬೆರಳು ಎಲ್ಲರಿಗೂ ನೆನಪಿತ್ತು. ಆದರೆ ಫೋಟೋದಲ್ಲಿ ಮುಖಗಳೇ ಹೆಸರುಕಾಳಿನಷ್ಟು, ಬೆರಳ ತುದಿಯನ್ನು ಯಾರು ಕಾಣಬೇಕು? ಆ ಫೋಟೋ ತೆಗೆದಿದ್ದ ಮೆಹರುವಿನ ತಂದೆ ಖಾದರ್ ಸಾಹೇಬರು ಫಿಲಂ ತಗೊಂಡು ದೊಡ್ಡದು ಮಾಡಿ ನೋಡಿದರು. ಮುಖಗಳು ಹೇಗೋ ಬಂದವು. ಕೈಗಳು ರಂಗೋಲಿ ಪುಡಿ ಚೆಲ್ಲಿದ ಹಾಗೆ ಆದವು. ಕೊನೆಗೆ ಅವರು ಕುತ್ತಿಗೆಯಿಂದ ಮೇಲಿನದಷ್ಟನ್ನೇ ಕತ್ತರಿಸಿ ಎರಡು ಫೋಟೋ ಕಟ್ಟು ಹಾಕಿಸಿದರು. ಚೆಲುವ ನಮ್ಮ ಮನೆಗೆ ಬಂದ. ಕಡುಬಿನವನು ಪಕ್ಕದ ಮನೆಗೆ ಹೋದ.

ಅಲ್ಲಿಂದ ನಲವತ್ತೈದು ವರ್ಷ ನಾನು ಆ ಫೋಟೋಕ್ಕೆ ಹಾರ ಹಾಕಿದೆ. ನಲ್ಲಿಯ ಹತ್ತಿರ, ರಾಗಿ ಗಿರಣಿಯಲ್ಲಿ, ಹೆರಿಗೆಮನೆಯ ಬಾಗಿಲಲ್ಲಿ, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ ನನ್ನ ಗಂಡನ ಮೂಗಿನ ಮಾತು ಬಂದೇ ಬರುತ್ತಿತ್ತು. ಆ ಮೂಗು ನೋಡಲು ಪಕ್ಕದೂರಿನ ಅಮಲ್ದಾರನ ಹೆಂಡತಿ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು ಎಂದು ಹೇಳಿದ್ದೇನೆ. ಹೇಳಿ ಹೇಳಿ ನನಗೇ ಆ ಗಾಡಿಯ ಎತ್ತುಗಳ ಬಣ್ಣ ಕಣ್ಣಿಗೆ ಕಟ್ಟಿತ್ತು. ನಿಂಗಾಜಿ ಬಿಂದಿಗೆ ತುಂಬಿಸಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದಳು. "ನಿನ್ ಗಂಡ ಬಾಯಲ್ಲಿರೋದ್ನ ನುಂಗಿದ್ನೇನೇ ನಿಂಗಾಜಿ, ಇಲ್ಲಾ ಇನ್ನೂ ಇಟ್ಕೊಂಡವ್ನಾ?" ಎಂದು ನಾನು ಕೆಣಕಿದರೆ, "ಇಟ್ಕೊಂಡವ್ರೆ ಕಣಕ್ಕ, ನಿಂಗೂ ಕೊಡ್ಬೇಕಂತೆ" ಎಂದು ಹೇಳಿ ನಡೆದುಬಿಡುತ್ತಿದ್ದಳು.

ಈ ವರ್ಷ ಊರಿನ ಫಿಲಂಗಳೆಲ್ಲ ಹುಳಿ ಬರಲು ಶುರುವಾದವು. ಡಬ್ಬಿ ತೆಗೆದರೆ ಕೆಟ್ಟ ಉಪ್ಪಿನಕಾಯಿಯ ವಾಸನೆ. ಅಂಚು ಸುರುಟಿಕೊಂಡು ಮೈಮೇಲೆ ಗುಳ್ಳೆ ಏಳುತ್ತಿತ್ತು. ಗೋಡೆಯ ಮೇಲಿನ ಫೋಟೋಗಳನ್ನು ಗೆದ್ದಲು, ತೇವ ಆಗಲೇ ತಿಂದಿದ್ದವು. ನಮ್ಮ ಚೆಲುವನೂ ಗದ್ದದವರೆಗೆ ಬೂಸ್ಟು ಹಿಡಿದಿದ್ದ. ಇನ್ನು ಫಿಲಮ್ಮೂ ಹೋದರೆ ಊರಿನ ಸತ್ತವರೆಲ್ಲ ಮುಖವಿಲ್ಲದವರಾಗುತ್ತಾರೆ. ಮೆಹರು ಎಲ್ಲಿಂದಲೋ ಸ್ಕ್ಯಾನ್ ಮಾಡುವ ಮಿಷಿನ್ನು ತರಿಸಿದಳು. ಫಿಲಂ ಒಳಗೆ ತೂರಿಸಿದರೆ ಅದು ದೀಪ ಹಿಡಿದು ನೋಡಿ, ಕಂಡದ್ದನ್ನು ಪರದೆಯ ಮೇಲೆ ಇಡುತ್ತದೆ. ಊರಿಗೆ ಊರೇ ಡಬ್ಬಿ ಹಿಡಿದು ಸಾಲು ನಿಂತಿತು. ಕ್ಲಾರಿಯೋನೆಟ್ಟಿನ ಫಿಲಂ ಬಂದ ದಿನ ನನ್ನ ಜೊತೆ ನಿಂಗಾಜಿಯೂ ಬಂದಿದ್ದಳು. ನಾನು ಸ್ಟೂಲು ಹಿಡಿದೆ, ಅವಳು ಬಾಗಿಲ ಹೊಸ್ತಿಲ ಮೇಲೆ ಕೂತಳು. ಆಗಲೇ ನನ್ನ ಲೋಟ ಬಿದ್ದದ್ದು.

"ಬೆರಳು ತೋರ್ಸವ್ವ," ಎಂದಳು ನಿಂಗಾಜಿ, ಕೂತಲ್ಲಿಂದಲೇ.

ಮೆಹರು ಚಿತ್ರವನ್ನು ಕೆಳಗೆ ಸರಿಸಿದಳು. ಎಡಗಡೆಯವನ ಕಿರುಬೆರಳಿನ ತುದಿ ದಪ್ಪಕಾಳಿನಂತೆ ದುಂಡಗೆ ಕಂಡಿತು. ಬಲಗಡೆಯವನ ಕಿರುಬೆರಳು ಅರ್ಧಕ್ಕೇ ನಿಂತು, ಮುಂದೆ ಕರಿ ಮಚ್ಚೆ. ನಾನು ಸ್ಟೂಲಿನಿಂದ ಹಾರಿದೆ. ಈ ವಯಸ್ಸಿನಲ್ಲಿ ಎರಡಾಳೆತ್ತರ ಹಾರಿದೆ ಎಂದರೆ ನೀವು ನಗುತ್ತೀರಿ, ಬೇಡ ಬಿಡಿ, ಒಂದಾಳೆತ್ತರ ಎನ್ನಿ.

"ನೋಡ್ದೇನೇ ನಿಂಗಾಜಿ! ಆವತ್ತೇ ಹೇಳಿರ್ನಿಲ್ವಾ? ಮೋಟುಬೆರಳು ಬಲಗಡೆಯವ್ನದು!"

"ನೋಡ್ದೆ ಕಣಕ್ಕ. ಒಳ್ಳೇದಾಯ್ತು," ಎಂದಳು ನಿಂಗಾಜಿ. ಅವಳ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಹೋದ ಜೀವ ಮರಳಿ ಬಂದವಳಂತೆ ಕಂಡಳು. ಅದು ಏಕೆಂದು ಆಗ ನನಗೆ ಹೊಳೆಯಲಿಲ್ಲ.

ಗೆದ್ದದ್ದೇನೋ ಸರಿ. ಆದರೆ ಗುಳಿಗಳು? ಆ ವಾರವೆಲ್ಲ ಊರಲ್ಲಿ ಅದೇ ಮಾತು. ಮಿಷಿನ್ನಿನಿಂದ ಬಂದ ಸತ್ತವರೆಲ್ಲರ ಮುಖದಲ್ಲೂ ಗುಳಿ ಇತ್ತು. ಎಣ್ಣೆ ಗಾಣದ ಬಸಪ್ಪಾಜಿಯ ತಾಯಿ, ಹೂವಿನ ರಂಗಿಯ ಅತ್ತೆ, ಚರ್ಚಿನ ಓಣಿಯ ಸೂಲಗಿತ್ತಿ ಮೇರಮ್ಮ, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಬೇರೆ ಊರಾದರೆ ಯಾರೋ ಒಬ್ಬರು "ಥೂ, ನಮ್ಮವ್ವನ ಕೆನ್ನೆ ನಯವಾಗಿತ್ತು" ಎಂದು ಮಿಷಿನ್ನಿಗೆ ಒದೆಯುತ್ತಿದ್ದರು. ನಮ್ಮೂರಲ್ಲಿ ಹಾಗೆ ಹೇಳಲು ಯಾರಿಗೆ ನೆನಪಿದೆ? ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡು ನಂಬಿದರು. ಹಿಂದೆ ಊರಿಗೇ ಅಮ್ಮ ಬಂದಿದ್ದಳು, ನಾವು ಹರಕೆ ಮರೆತಿದ್ದೇವೆ ಎಂದು ಬಸಪ್ಪಾಜಿ ಬೇವಿನ ಸೊಪ್ಪು ಕಟ್ಟಿಸಿ ತಂಪಿನ ಪೂಜೆಗೆ ಏರ್ಪಾಟು ಮಾಡಿದ. ರಂಗಿಯ ಮೊಮ್ಮಗಳ ಸಂಬಂಧ ಮುರಿಯುವ ಮಾತಾಯಿತು. ಗಂಡಿನ ಕಡೆಯವರು ಹೆಣ್ಣಿನ ಕೈ ಒಪ್ಪಿ ಹೋಗಿದ್ದವರು, ಮುತ್ತಜ್ಜಿಯ ಮುಖ ಕಂಡು ಹಿಂದೆಗೆದರು.

ನಾನು ರಾತ್ರಿಯೂಟ ಬಿಟ್ಟೆ. ನಲ್ಲಿಯ ಹತ್ತಿರ ಹೋಗುವುದು ಬಿಟ್ಟೆ. ಬೆಣ್ಣೆಯ ಹಾಗಿತ್ತು ಕೆನ್ನೆ ಎಂದು ಹಾಡಿದ್ದವಳು ಯಾವ ಬಾಯಲ್ಲಿ ಹೋಗಲಿ? ಹೋಗದೆಯೇ ಎರಡು ದಿನ ಕಳೆದು, ಮೂರನೆಯ ದಿನ ತಡೆಯಲಾರದೆ ಸ್ಟುಡಿಯೋಕ್ಕೆ ಓಡಿದೆ. ಅದೇ ಚಿತ್ರ ಇನ್ನೊಮ್ಮೆ ಹಾಕಿಸಿದೆ. ಗುಳಿ ನೋಡಿದೆ, ಅತ್ತೆ, ಮೂಗೊರೆಸಿಕೊಂಡು ಮತ್ತೆ ನೋಡಿದೆ. ಆಮೇಲೆ ಅವರ ಹಿಂದೆ ನೋಡಿದೆ.

"ಏನೇ ಮೆಹರು, ಮನುಷ್ಯರಿಗೆ ಅಮ್ಮ ಆಯ್ತು ಅಂದ್ರೆ ಒಪ್ಪಣ. ಛತ್ರದ ಕಂಬಕ್ಕೂ ಆಗಿತ್ತೇನೇ?"

ಮೆಹರು ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. ಕಂಬಕ್ಕೂ ಗುಳಿ, ಗೋಡೆಗೂ ಗುಳಿ, ಮೇಲಿನ ಬರೀ ಆಕಾಶಕ್ಕೂ ಗುಳಿ. ಅವಳು ಎದ್ದು, ಹೋದ ಸಂಕ್ರಾಂತಿಗೆ ತೆಗೆದಿದ್ದ ನನ್ನದೇ ಫಿಲಂ ಹುಡುಕಿ ಮಿಷಿನ್ನಿಗೆ ಹಾಕಿದಳು. ನಾನು ಪರದೆಯ ಮೇಲೆ ಬಂದೆ. ದೇವರೇ, ನಾನು! ಜಲ್ಲಿ ಹಾಸಿದ ರಸ್ತೆಯ ಹಾಗೆ! ಮೆಹರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕೆನ್ನೆಯ ಮೇಲೆ ಹೆಬ್ಬೆರಳು ಎಳೆದಳು. ಸುಕ್ಕಿತ್ತು, ಇಲ್ಲವೆನ್ನುವುದಿಲ್ಲ. ಗುಳಿ ಒಂದೂ ಇರಲಿಲ್ಲ.

"ಮಿಷಿನ್ನು ಸುಳ್ಳು ಹೇಳ್ತೈತೆ ಅಜ್ಜಿ," ಎಂದಳು. "ಊರಿಗೆಲ್ಲಾ ನಾನೇ ಸಿಡುಬು ಹಚ್ಬಿಟ್ಟೆ. ನಮ್ಮಪ್ಪಂದೂ ಹಂಗೇ ಬಂದಿತ್ತು. ಮನೇಲಿ ಕೂತ್ಕೊಂಡು ಅತ್ತಿದ್ದೀನಿ ನಾನು."

ಅವಳು ತನ್ನ ತೆಳು ದುಪಟ್ಟಾವನ್ನು ಎರಡು ಪದರ ಮಾಡಿ ಟ್ಯೂಬ್ ಲೈಟಿಗೆ ಹಿಡಿದಳು. ಒಂದರ ಮೇಲೊಂದು ಎಳೆ ಕೂತಲ್ಲಿ ದೊಡ್ಡ ದೊಡ್ಡ ಅಲೆ ಎದ್ದವು. ಪದರ ಬಿಡಿಸಿದರೆ ಯಾವುದರಲ್ಲೂ ಅಲೆ ಇಲ್ಲ. "ಫಿಲಂ ಅಂದ್ರೆ ಹೊಗೆಯಷ್ಟು ಸಣ್ಣ ಕಾಳು ಅಜ್ಜಿ. ಮಿಷಿನ್ನು ಜರಡಿ ಹಿಡ್ದಂಗೆ ಚೌಕ ಚೌಕ ಮಾಡ್ಕೊಂಡು ನೋಡ್ತದೆ. ಕಾಳಿನ ಅಳತೆ ಜರಡಿ ಕಣ್ಣಿಗೆ ಹೊಂದ್ಲಿಲ್ಲ ಅಂದ್ರೆ, ಹತ್ತಾರು ಕಾಳು ಗುಡ್ಡೆ ಮಾಡಿ ಒಂದೇ ದೊಡ್ಡ ಕಾಳು ಅಂತ ಬರ್ಕೊಂಬಿಡ್ತದೆ."

"ಅಂದ್ರೆ ಇದ್ದಿದ್ದ ದೊಡ್ದು ಮಾಡಿ ಹೇಳ್ತೈತೆ ಅನ್ನು. ನನ್ ಥರಾನೇ!"

"ನಿಮ್ ಥರಾನೇ. ನೀವು ಹೇಳಿದ್ನೂ ನಾವು ಒಂದೇ ಸಲಕ್ಕೆ ನಂಬ್ತೀವಾ? ನಾಲ್ಕು ಸಲ ಹೇಳಿಸ್ತೀವಿ. ನಾಲ್ಕು ಸಲಾನೂ ಏನು ಬದಲಾಗಲ್ವೋ ಅದು ನಿಜ. ಇದಕ್ಕೂ ಹಂಗೇ ಮಾಡ್ಬೇಕು."

"ಮಾಡೇ ಮಗಳೇ. ಈಗ್ಲೇ ಮಾಡು."

"ನಿಮ್ದು ಬಿಡಿ, ಬೆರಳು ಹೆಂಗೂ ಸಿಕ್ತಲ್ಲ. ಮೊದ್ಲು ರಂಗಿ ಅತ್ತೇದು ಮಾಡ್ತೀನಿ, ಅಲ್ಲಿ ಮದುವೆ ಮುರೀತೈತೆ."

"ಅವಳ ಮದುವೆ ನಾಳೆ ಕೂಡಿಸು! ನಮ್ಮೋರ ಕೆನ್ನೆ ಇವತ್ತು ನಯ ಆಗ್ಬೇಕು!" ಎಂದು ನಾನು ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತೆ. ನೋಡಿ, ನನ್ನ ಬಾಯಿಗೆ ಮಣ್ಣು ಹಾಕ. ಸುಮ್ಮನೆ ಎದ್ದು ಮನೆಗೆ ಹೋಗಿದ್ದರೆ ಏನು ಗಂಟು ಹೋಗುತ್ತಿತ್ತು?

ಮೆಹರು ಮಿಷಿನ್ನಿನ ದೀಪದ ಮೇಲೆ ಹಾಲಿನ ಬಣ್ಣದ ಹಾಳೆ ಇಟ್ಟಳು. ಬೆಳಕು ಚುಚ್ಚದೆ ಹರಡಲಿ ಎಂದಳು. ಅಳತೆ ಬದಲಾಯಿಸಿದಳು, ಜರಡಿಯ ಕಣ್ಣು ಇನ್ನಷ್ಟು ಸಣ್ಣದಾಗಲಿ ಎಂದು. ಫಿಲಮ್ಮನ್ನು ಕೂದಲೆಳೆಯಷ್ಟು ಜರುಗಿಸುವುದು, ಮಿಷಿನ್ನಿಗೆ ತೋರಿಸುವುದು, ಮತ್ತೆ ಜರುಗಿಸುವುದು, ಮತ್ತೆ ತೋರಿಸುವುದು. ಖಾದರ್ ಸಾಹೇಬರು ಯಾರಾದರೂ ಕಣ್ಣು ಮಿಟುಕಿಸಿದ್ದರೆ ಎಂದು ಅದೇ ಭಂಗಿಯನ್ನು ಎರಡು ಸಲ ತೆಗೆದಿದ್ದರು. ಅವಳು ಅದನ್ನೂ ಹಾಗೆಯೇ ನೋಡಿಸಿದಳು. "ಒಂದರಲ್ಲಿರೋ ಕಾಳು ಇನ್ನೊಂದರಲ್ಲಿರಲ್ಲ. ಮನುಷ್ಯ ಮಾತ್ರ ಎರಡರಲ್ಲೂ ಇರ್ತಾನೆ," ಎಂದಳು. ನಾನು ಅಷ್ಟು ಹೊತ್ತೂ ಮಾತಾಡದೆ ಕೂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಆವತ್ತೇ. ಬೀದಿಯವರು ಏನಾಯಿತೆಂದು ಬಗ್ಗಿ ನೋಡಿ ಹೋದರು. ನಿಂಗಾಜಿಗೂ ಸುದ್ದಿ ಮುಟ್ಟಿ, ಬಂದು ಅದೇ ಹೊಸ್ತಿಲ ಮೇಲೆ ಕೂತಳು.

ಕೊನೆಗೆ ಮೆಹರು ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿ, ದೊಡ್ಡದಾಗಿದ್ದನ್ನು ಸಣ್ಣದು ಮಾಡಿ, ಒಂದು ಗುಂಡಿ ಒತ್ತಿದಳು.

ಗುಳಿಗಳು ಹೋದವು. ಮಳೆ ನಿಂತ ಮೇಲೆ ಕೊಳದ ನೀರು ನಿಲ್ಲುತ್ತದಲ್ಲ, ಹಾಗೆ ಮುಖ ನಿಂತಿತು. ಎಡಗಡೆಯವನ ಕೆನ್ನೆ ನಾನು ಹೇಳಿದ್ದಕ್ಕಿಂತ ನಯವಾಗಿತ್ತು. ಇಷ್ಟು ವರ್ಷ ನಾನು ಕಡಿಮೆ ಹೇಳಿದ್ದೇನೆ ಎಂದು ಮೊದಲ ಸಲ ಅನಿಸಿತು. ನಾನು ಎರಡೂ ಕೈ ಎತ್ತಿ ನೆಟಿಗೆ ಮುರಿಯಲು ಹೋದೆ. ಆಗ ಮೆಹರು "ಯಾ ಅಲ್ಲಾ" ಎಂದಳು. ಅವಳು ಮುಖವನ್ನು ನೋಡುತ್ತಿರಲಿಲ್ಲ.

ಎಡಗಡೆಯವನ ಬಲಗೈ. ಕಪ್ಪು ಕೊಳವೆಯ ಮೇಲೆ ಬೆರಳುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತಿದ್ದವು, ಉಗುರು ಸಹಿತ. ಕಿರುಬೆರಳಿಗೆ ಉಗುರಿರಲಿಲ್ಲ. ಮೊದಲ ಸಲ ಅಲ್ಲಿ ದುಂಡಗೆ ಕಂಡಿದ್ದ ತುದಿ ಮಿಷಿನ್ನು ಗುಡ್ಡೆ ಹಾಕಿದ ಕಾಳು. ಬಲಗಡೆಯವನ ಕೈಯಲ್ಲಿ ಬೆರಳು ಐದೂ ಪೂರ್ತಿ ಇದ್ದವು. ಅಲ್ಲಿದ್ದ ಕರಿ ಮಚ್ಚೆ ಎಲ್ಲೂ ಇರಲಿಲ್ಲ.

ನನ್ನ ಕೈಗಳು ಎತ್ತಿದಲ್ಲೇ ಗಾಳಿಯಲ್ಲಿ ನಿಂತಿದ್ದವು. ಯಾರ ಗಂಡನಿಗೆ ನೆಟಿಗೆ ಮುರಿಯಲು ಹೊರಟಿದ್ದೆ ನಾನು? ಯಾರ ಗಂಡನಿಗೆ ಸೇವಂತಿಗೆ ಕಟ್ಟಿದೆ? ಯಾರ ಗಂಡನ ಮುಂದೆ ಹಬ್ಬಕ್ಕೊಂದು ಹೋಳಿಗೆ ಇಟ್ಟು, ತುಪ್ಪ ಸಾಕಾ ಎಂದು ಕೇಳಿದೆ? ಕೊರಳಲ್ಲಿ ಮೂಳೆ ಸಿಕ್ಕಿಕೊಂಡ ಬೆಕ್ಕಿನಂಥ ಸದ್ದೊಂದು ಹೊರಟಿತು. ನನ್ನದೇ ಇರಬೇಕು ಎಂದು ತಿರುಗಿ ನೋಡಿದರೆ, ಅದು ನಿಂಗಾಜಿಯದು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಹೊಸ್ತಿಲಿಂದ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಬೀದಿಯಲ್ಲಿ ಓಡಿದಳು.

ಮರುದಿನ ಬೆಳಗ್ಗೆ ನಾನು ಗೋಡೆಯಿಂದ ಫೋಟೋ ಇಳಿಸಿದೆ. ಹಿಂದೆ ಗೋಡೆ ಹೊಸದರ ಹಾಗೆ ಬೆಳ್ಳಗಿತ್ತು. ಒಗೆದ ಸೀರೆಯಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದೆ. ನಾನು ಇನ್ನೆಷ್ಟು ದಿನ ಬದುಕಿದ್ದೇನು? ಸಾಯುವ ಮೊದಲು ಒಂದು ಸಲ ನನ್ನ ಗಂಡನ ಮುಖವನ್ನು ನನ್ನ ಗಂಡನ ಮುಖ ಎಂದು ತಿಳಿದು ನೋಡಬೇಕು, ನನ್ನ ಗೋಡೆಯ ಮೇಲೆ ಇಡಬೇಕು, ಇಷ್ಟೇ ಆಸೆ.

ನಿಂಗಾಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಫೋಟೋ ಇದ್ದ ಗೋಡೆಗೇ ಬೆನ್ನು ಕೊಟ್ಟು, ಕಾವಲು ಕೂತ ಹಾಗೆ.

"ತಕ್ಕಳೇ ನಿನ್ ಗಂಡನ್ನ. ನಮ್ಮೋರ್ನ ಕೊಡು," ಎಂದೆ.

"ಕೊಡಕ್ಕಿಲ್ಲ."

"ಏನಂದೆ?"

"ಕೊಡಕ್ಕಿಲ್ಲ ಅಂದೆ ಕಣಕ್ಕ." ಅವಳು ತಲೆ ಎತ್ತಲಿಲ್ಲ. ಅವರೆಕಾಳು ಪಟಪಟ ಮೊರಕ್ಕೆ ಬೀಳುತ್ತಿದ್ದವು. "ಆವತ್ತು ನೀನು ಕೂಗ್ದೆ. ಮಿಕ್ಕೋರು ನನ್ನೋರು ಅಂತ ನಾನು ಇವ್ರನ್ನ ಕರ್ಕೊಂಡ್ ಬಂದೆ. ಸಂಸಾರ ಮಾಡಿದ್ದು ಇವ್ರ ಜೊತೆ. ನೀನು ನಿನ್ನೋರ್ನ ನಲ್ಲಿ ತಾವ ತಗೊಂಡೋದೆ, ಗಿರಣಿಗೆ ತಗೊಂಡೋದೆ. ನಾನು ಎಲ್ಗೂ ತಗೊಂಡೋಗ್ನಿಲ್ಲ. ಬಾಗ್ಲು ಹಾಕ್ಕಂಡು ಇವ್ರ ಮುಂದೆ ಕುಂತ್ಕೊಂಡೆ. ಈಗ ಬಂದು ಕೊಡು ಅಂದ್ರೆ?"

"ಅಲ್ವೇ ಮಾರಾಯ್ತಿ, ನೋಡು, ನಿನ್ ಗಂಡ ಎಂಥ ಚೆಲುವ! ಊರೇ ಹೊಟ್ಟೆ ಉರ್ಕಂಡೈತೆ!" ಎಂದು ನಾನು ಸೀರೆ ಬಿಚ್ಚಿ ಫೋಟೋ ತೋರಿಸಿದೆ.

ನಿಂಗಾಜಿ ಒಂದು ಸಲ ಕಣ್ಣೆತ್ತಿದವಳು ತಟಕ್ಕನೆ ಸೆರಗು ಎಳೆದು ತಲೆ ತುಂಬ ಹೊದ್ದುಕೊಂಡಳು. ಅರವತ್ತು ದಾಟಿದ ಹೆಂಗಸು, ಕಿವಿಯವರೆಗೆ ಕೆಂಪಾದಳು. "ಮುಚ್ಚಕ್ಕ, ಮುಚ್ಚು! ಯಾರೋ ಗಂಡಸು. ನಂಗೆ ನಾಚ್ಕೆ ಆಯ್ತದೆ."

ನಾನು ನಗಬೇಕೋ ಅವಳ ಜುಟ್ಟು ಹಿಡಿಯಬೇಕೋ ತಿಳಿಯದೆ ಅಲ್ಲೇ ಕುಸಿದು ಕೂತೆ. ಅವಳ ತಲೆಯ ಮೇಲಿಂದ ಆ ಮುಖ ಕಂಡಿತು. ಉಬ್ಬಿದ ಕೆನ್ನೆ, ಹೊರಗೆ ಬಂದ ಕಣ್ಣು. ನೋಡಿದೆ, ಬಹಳ ಹೊತ್ತು ನೋಡಿದೆ. ಏನೂ ಆಗಲಿಲ್ಲ. ಬಸ್ಸಿನಲ್ಲಿ ಎದುರು ಕೂತ ಯಾರೋ ಆಗಿದ್ದರೂ ಇಷ್ಟೇ. ಇದಕ್ಕಿಂತ ದೊಡ್ಡ ಆಘಾತ ದೋಣಿ ಮಗುಚಿದ ದಿನವೂ ನನಗೆ ಆಗಿರಲಿಲ್ಲ. ನನ್ನ ಕೈಚೀಲದಲ್ಲಿ ಮೆಹರು ಹಿಂದಿನ ದಿನ ಮಾಡಿಕೊಟ್ಟಿದ್ದ ಹೊಸ ಚಿತ್ರ ಇತ್ತು, ಏಳೂ ಜನರದ್ದು, ಕೈಕಾಲು ಸಹಿತ. ಅದನ್ನು ತೆಗೆದು ಬಲತುದಿಗೆ ಬೆರಳಿಟ್ಟೆ. ಅಲ್ಲಿ ಕೆಳಗೆ ಅವರ ಕೈಗಳಿದ್ದವು. ಬಲಗೈಯ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಸೇರದೆ ತುಸು ಮೇಲೆದ್ದು, ಗಾಳಿಯಲ್ಲಿ ಡೊಂಕಾಗಿ ನಿಂತಿತ್ತು. ಲೋಟ ಹಿಡಿದರೂ ಹಾಗೆಯೇ ಎದ್ದಿರುತ್ತಿತ್ತು ಅದು. ನಿದ್ದೆಯಲ್ಲಿ ನನ್ನ ತೋಳಿನ ಮೇಲೆ ರಾಗ ನುಡಿಸುವಾಗಲೂ ಆ ಒಂದು ಬೆರಳು ಮಾತ್ರ ತಾಗುತ್ತಿರಲಿಲ್ಲ. ನನ್ನ ತೋಳು ಜುಮ್ಮೆಂದಿತು. ಬೆರಳಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ತೋಳಿಗೆ, ತೋಳಿಂದ ಹೆಗಲಿಗೆ ನಿಧಾನವಾಗಿ ಕಣ್ಣು ಹತ್ತಿಸಿಕೊಂಡು ಹೋದೆ. ಮುಖಕ್ಕೆ ಬರುವಷ್ಟರಲ್ಲಿ ಅದು ಅವರದ್ದಾಗಿತ್ತು.

ನಿಂಗಾಜಿ ಸೆರಗಿನ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. "ಭಾವ ಕೊಳವೆ ಬಾಯಿಗಿಟ್ರೆ ಊದ್ದೆ ಬಿಡ್ತಿದ್ರಾ ಚೆಲುವಕ್ಕ?" ಎಂದಳು ಮೆಲ್ಲಗೆ. "ಫೋಟೋಕ್ಕೆ ಸುಮ್ನೆ ಹಿಡ್ಕೊಳ್ಳಿ ಅಂದ್ರೂ ಊದವ್ರೆ. ಅದ್ಕೇ ಕೆನ್ನೆ ಹಂಗೆ. ಎಡಗಡೆ ಇರೋ ನಮ್ಮೋರು ಕೋಟಿನ ಗುಂಡಿ ನೋಡ್ಕೊಳೋರು. ಅವ್ರು ಸುಮ್ನೆ ಹಿಡ್ಕಂಡವ್ರೆ."

ಊದದೆ ಇದ್ದಾಗ ಅವರ ಮುಖ ಹೇಗಿತ್ತೋ, ಅದು ಇನ್ನು ಯಾವ ಮಿಷಿನ್ನಿಗೂ ಸಿಗುವುದಿಲ್ಲ.

ಕೊನೆಗೆ ಇಬ್ಬರೂ ಫೋಟೋಗಳನ್ನು ಇದ್ದಲ್ಲೇ ಬಿಟ್ಟೆವು. ಚಿಕ್ಕೀರಯ್ಯ ನಮ್ಮ ಮನೆಯಲ್ಲೇ ಇದ್ದಾನೆ. ನಿಂಗಾಜಿ ಸಾಂಬಾರಿಗೆ ಹುಣಸೆಹಣ್ಣು ಕೇಳಲು ಬಂದರೂ ಅವನೆದುರು ತಲೆ ತುಂಬ ಹೊದ್ದುಕೊಂಡೇ ಒಳಗೆ ಬರುತ್ತಾಳೆ. ಮೆಹರು ಊರಿನ ಸಿಡುಬನ್ನೆಲ್ಲ ಒಂದೊಂದಾಗಿ ತೆಗೆದಳು, ರಂಗಿಯ ಮೊಮ್ಮಗಳ ಸಂಬಂಧ ಕೂಡಿತು, ಬಸಪ್ಪಾಜಿ ಏರ್ಪಾಟು ಮಾಡಿದ ಪೂಜೆಯನ್ನು ಬಿಡುವುದೇಕೆಂದು ಮುಗಿಸಿ ಊಟ ಹಾಕಿಸಿದ. ನಲ್ಲಿಯ ಹತ್ತಿರ ಹೆಂಗಸರು "ಏನಜ್ಜಿ, ಯಜಮಾನ್ರು ಎಲ್ಲಿ?" ಎಂದು ಕಣ್ಣು ಹೊಡೆಯುತ್ತಾರೆ. "ಪಕ್ಕದ ಮನೇಲವ್ರೆ ಕಣೇ, ನಲವತ್ತೈದು ವರ್ಷದಿಂದ," ಎನ್ನುತ್ತೇನೆ. ಇದೊಂದನ್ನು ದೊಡ್ಡದು ಮಾಡಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಾನು ಅವರನ್ನು ನೋಡಲು ಹೋಗುತ್ತೇನೆ. ಮೊನ್ನೆ ಹಾಗೆ ಕೂತಿದ್ದಾಗ ನಿಂಗಾಜಿಯನ್ನು ಕೇಳಿದೆ, "ಅಲ್ಲ ಕಣಮ್ಮಿ, ಅಷ್ಟು ವರ್ಷ ಬಾಗ್ಲು ಹಾಕ್ಕಂಡು ಅವ್ರ ತಾವ ಏನ್ ಮಾತಾಡ್ತಿದ್ದೆ?"

ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಇನ್ನೇನ್ ಮಾತಾಡ್ಲಿ? ನನ್ ಕಷ್ಟ."

"ಏನ್ ಕಷ್ಟ?"

"ನೀನೇ ಕಣಕ್ಕ."

ನನ್ನ ನುಗ್ಗೆಮರದ ಎಲೆ ಅವಳ ಬಾವಿಗೆ ಬಿದ್ದದ್ದು, ನಾನು ಅವಳ ಹುಂಜವನ್ನು ಬೇರೆಯವರದ್ದೆಂದು ಸಾಧಿಸಿ ಸಾರು ಮಾಡಿದ್ದು, ಕಡುಬಿನ ಮಾತು, ಅಮಲ್ದಾರನ ಹೆಂಡತಿಯ ಗಾಡಿ, ಎತ್ತಿನ ಬಣ್ಣ, ಫಿಲಂ ಸುಡ ಎಂದ ಒಂದೊಂದು ಸಲವೂ, ಎಲ್ಲವನ್ನೂ ಅವಳು ದಿನ ಬಿಡದೆ ನನ್ನ ಗಂಡನ ಮುಂದೆಯೇ ಹೇಳಿಕೊಂಡು ಅತ್ತಿದ್ದಳು. ನಲವತ್ತೈದು ವರ್ಷ ಅವರು ನನ್ನನ್ನು ಕಂಡಿಲ್ಲ, ನನ್ನ ಮೇಲಿನ ದೂರನ್ನು ಮಾತ್ರ ಕೇಳಿದ್ದಾರೆ! ಹೆದರಿ ಹೆದರಿ ಗೋಡೆಯ ಕಡೆ ಕಣ್ಣೆತ್ತಿದೆ. ಕೆನ್ನೆ ಹಾಗೆಯೇ ಉಬ್ಬಿತ್ತು, ಕಣ್ಣು ಹಾಗೆಯೇ ಹೊರಗೆ ಬಂದಿತ್ತು. ಅದು ಊದುವ ಗಾಳಿ ಎಂದು ನಿಂಗಾಜಿ ಹೇಳುತ್ತಾಳೆ, ಮೆಹರುವೂ ಹಾಗೇ ಹೇಳುತ್ತಾಳೆ. ಇರಬಹುದು. ಆದರೆ ಹುಂಜದ ಮಾತು ಬಂದಾಗ ನಾನು ಹತ್ತಿರ ಹೋಗಿ ನೋಡಿದೆ. ಅವರು ನಗು ತಡೆದುಕೊಂಡಿದ್ದರು.